ಅರ್ಜಂಟ್ ವೀಸಾ: ಪರ ಮತ್ತು ವಿರೋಧ

ಚರ್ಚಾಸ್ಪರ್ಧೆಯಲ್ಲಿ ಪಳಗಿದವರನ್ನು ಸಂಸಾರಸ್ಥರು ಮನೆಯೊಳಗೆ ಇಟ್ಟುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಅಪ್ಪ ಅವ್ವ ನನ್ನನ್ನು ಇಪ್ಪತ್ತಾರು ವರ್ಷದಿಂದ ಇಟ್ಟುಕೊಂಡು ಅನುಭವಿಸುತ್ತಿದ್ದಾರೆ. ಸಾಬೂನು ತರಲು ಹೋದಾಗ ಅಂಗಡಿಯವರು ಇದು ಭಾಳ ಚಲೋ ಅದರಿ ಎಂದರೆ, ಯಾವುದಕ್ಕಿಂತ ಎಂದು ಕೇಳದೆ ನನಗೆ ಕೈ ಮುಂದಕ್ಕೆ ಹೋಗುವುದಿಲ್ಲ. ಕಾಲೇಜಿನಲ್ಲಿದ್ದಾಗ ಚಿಂಚೋಳಿಯ ಒಂದು ಸ್ಪರ್ಧೆಗೆ ಎದುರು ತಂಡದ ಹುಡುಗಿ ಬರಲೇ ಇಲ್ಲ. ಕುಂಚಾವರಂ ಕಡೆಯಿಂದ ಬರುವ ಅವಳ ಬಸ್ಸು ಕಾಡಿನ ನಡುವೆ ಕೆಟ್ಟು ನಿಂತಿತ್ತು. ಸಂಘಟಕರು ಕೈಕೈ ಹಿಸುಕಿಕೊಳ್ಳುವುದನ್ನು ನೋಡಲಾರದೆ, ಎರಡೂ ಕಡೆ ನಾನೇ ಮಾತಾಡುತ್ತೇನೆಂದು ಎದ್ದುನಿಂತೆ. ಪರವಾಗಿ ಮಾತಾಡಿದ ನನಗೆ ಎರಡನೆಯ ಬಹುಮಾನ ಬಂತು, ವಿರೋಧವಾಗಿ ಮಾತಾಡಿದ ನನಗೆ ಮೊದಲನೆಯದು. ಸೇಡಂಗೆ ಮರಳುವ ಬಸ್ಸಿನಲ್ಲಿ ಎರಡು ಕಪ್ಪುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಯಾರ ಮೇಲೆ ಸಿಟ್ಟಾಗಬೇಕೆಂದು ದಾರಿಯುದ್ದಕ್ಕೂ ಬಗೆಹರಿಯಲಿಲ್ಲ.

ಇಂಥ ನನಗೆ ಈ ವರ್ಷ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ನಮ್ಮ ಸೀಮೆಯ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಗುತ್ತಿಗೆಯ ಕೆಮಿಸ್ಟ್. ಸುಣ್ಣದಕಲ್ಲಿನ ಪುಡಿಯನ್ನು ತೂಗುವುದು, ಕರಗಿಸುವುದು, ಅಳೆಯುವುದು, ಸಂಜೆ ಮನೆಗೆ ಬಂದು ಅದೇ ಪುಡಿಯನ್ನು ಕೂದಲಿನಿಂದ ಕೊಡವುವುದು ನನ್ನ ದಿನಚರಿ. ವರ್ಷ ಮುಗಿದಾಗೆಲ್ಲ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಉಗುರು ಕಚ್ಚುವುದೂ ಅದರಲ್ಲೇ ಸೇರಿತ್ತು. ಇಂಗ್ಲೆಂಡಿನ ಸಿಮೆಂಟ್ ಪ್ರಯೋಗಾಲಯದವರು ವಿಡಿಯೋದಲ್ಲಿ ಸಂದರ್ಶನ ಮಾಡಿದರು. ಒಂದು ಪ್ರಶ್ನೆಗೆ ಪ್ರಶ್ನೆಯೇ ತಪ್ಪಿದೆ ಎಂದು ನಾನು ಉತ್ತರಿಸಿದೆ. ಅವರಿಗೆ ಅದು ಹಿಡಿಸಿತಂತೆ. ಪತ್ರ ಬಂದ ದಿನ ನಾನು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಮಾಳಿಗೆಗೆ ಕಾರಣವಿಲ್ಲದೆ ಓಡಾಡಿದೆ. ಕಾಯಂ ಕೆಲಸ, ನನ್ನದೇ ಮೇಜು, ನನ್ನ ಹೆಸರಿನಲ್ಲೇ ಹೊರಬೀಳುವ ವರದಿ. ಅವ್ವ ಮಾತ್ರ ರೊಟ್ಟಿ ತಟ್ಟುತ್ತಲೇ, ಧೂಳು ಇಲ್ಲೇ ಬೇಕಾದಷ್ಟು ಅದ, ಅದನ್ನ ತಿನ್ನಾಕ ಅಷ್ಟು ದೂರ ಯಾಕ ಹೋಗ್ತಿ ಎಂದಳು. ಅಲ್ಲಿಯ ಧೂಳನ್ನು ಹೇಗೆ ಸೋಸುತ್ತಾರೆಂದು ಅರ್ಧ ಗಂಟೆ ವಿವರಿಸಿದೆ. ಹಂಗಾದ್ರ ಹೋಗು ಎಂದು ಅವಳು ಮುಂದಿನ ರೊಟ್ಟಿಗೆ ಕೈಹಾಕಿದಳು. ನನ್ನ ಬದುಕಿನಲ್ಲಿ ಇಷ್ಟು ಸಲೀಸಾಗಿ ಗೆದ್ದ ವಾದ ಇನ್ನೊಂದಿಲ್ಲ.

ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಮುಂದಿನ ತಿಂಗಳ ಮೊದಲ ಸೋಮವಾರ ಬಂದು ಹಾಜರಾಗಬೇಕು, ಆಗದಿದ್ದರೆ ನಿಮ್ಮ ನಂತರದ ಅಭ್ಯರ್ಥಿಯನ್ನು ಕರೆಯುತ್ತೇವೆ. ಆ ನಂತರದ ಅಭ್ಯರ್ಥಿಯ ಮುಖವನ್ನು ನಾನು ಈವರೆಗೂ ಕಂಡಿಲ್ಲ, ಆದರೆ ಅಂದಿನಿಂದಲೇ ಅವರೊಡನೆ ಮನಸ್ಸಿನಲ್ಲಿ ಜಗಳ ಶುರುವಾಯಿತು. ಅರ್ಜಿ ತುಂಬಲು ಕೂತೆ. ಎಲ್ಲ ಸರಾಗವಾಗಿ ಸಾಗಿ, ಕೊನೆಯ ಪುಟದಲ್ಲಿ ಕಂಪ್ಯೂಟರು ನನ್ನನ್ನು ತಡೆದು ಕೇಳಿತು: ವೀಸಾ ತೀರ್ಮಾನ ಮಾಮೂಲಿನಂತೆ ಸುಮಾರು ಮೂರು ವಾರಕ್ಕೆ ಸಾಕೋ, ಬೇರೆ ಶುಲ್ಕ ಕೊಟ್ಟು ಒಂದು ವಾರದೊಳಗೆ ಬೇಕೋ? ಆ ಶುಲ್ಕ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚೇ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಬೇಗ ಹೇಳುತ್ತೇವೆ ಎಂದಷ್ಟೇ ಇದರ ಅರ್ಥ, ಹೌದು ಎನ್ನುತ್ತೇವೆ ಎಂದಲ್ಲ, ಇಲ್ಲ ಎಂದರೂ ಹಣ ವಾಪಸಿಲ್ಲ ಎಂಬ ಉಪದೇಶವಿತ್ತು. ನನ್ನ ಕಿವಿ ನೆಟ್ಟಗಾಯಿತು. ಇಲ್ಲ ಎಂಬುದನ್ನು ಬೇಗ ಕೇಳಿಸಿಕೊಳ್ಳಲು ಯಾರಾದರೂ ಹಣ ಕೊಡುತ್ತಾರೆಯೇ? ನಿಧಾನ ಮಾಡುವವರೂ ಅವರೇ, ನಿಧಾನವನ್ನು ತೆಗೆಯಲು ದುಡ್ಡು ಕೇಳುವವರೂ ಅವರೇ ಆದರೆ ಇದಕ್ಕೆ ಏನೆನ್ನಬೇಕು? ಇಂಥ ವಿಷಯ ಕಾಲೇಜಿನಲ್ಲಿ ಸಿಕ್ಕಿದ್ದರೆ ಕಲಬುರಗಿಯ ಜಿಲ್ಲಾ ಸ್ಪರ್ಧೆಯ ಕಪ್ಪು ನನ್ನದೇ ಆಗುತ್ತಿತ್ತು. ಕಂಪ್ಯೂಟರು ಮುಚ್ಚಿ, ಎರಡು ದಿನ ಯೋಚಿಸಿ ನಿರ್ಧರಿಸೋಣ ಎಂದುಕೊಂಡೆ.

ಮೊದಲ ತಪ್ಪು ಮಾಡಿದ್ದು ಇದನ್ನು ಅಪ್ಪನ ಮುಂದೆ ಹೇಳಿ. ಅಪ್ಪ ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸವೆದು ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ಕಾಲ ಯಾರ ಕಡೆಯಿಂದಲೂ ಒಂದು ಕಪ್ಪು ಚಹಾ ಕುಡಿದವರಲ್ಲ. ತಮ್ಮ ಚಹಾವನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಕಾಯಕದಲ್ಲಿ ಕಲಬೆರಕೆ ಇರಬಾರದು ಎನ್ನುವ ಮನೆತನ. ನನ್ನ ಮಾತು ಕೇಳಿ ಅವರು ಕನ್ನಡಕ ತೆಗೆದಿಟ್ಟರು.

"ಕೆಲಸ ಜಲ್ದಿ ಆಗ್ಲಿ ಅಂತ ರೊಕ್ಕ ಕೊಡೂದಕ್ಕ ನಮ್ಮ ಆಫೀಸಿನ್ಯಾಗ ಏನಂತಿದ್ರು ಗೊತ್ತದಲಾ? ಚಾಪಾನಿ."

"ಇದಕ್ಕ ರಸೀದಿ ಕೊಡ್ತಾರಪ್ಪಾ."

"ಅಂದ್ರ ರಸೀದಿ ಇರೋ ಚಾಪಾನಿ."

ಇಲ್ಲಿ ನನ್ನ ಸ್ವಭಾವದ ಒಂದು ದೋಷ ಹೇಳಬೇಕು. ಒಂದು ಗಂಟೆಯ ಹಿಂದೆ ನಾನೂ ಇದನ್ನೇ ಅಂದುಕೊಂಡಿದ್ದೆ. ಆದರೆ ಎದುರಿನವರ ಬಾಯಲ್ಲಿ ನನ್ನ ಅಭಿಪ್ರಾಯವನ್ನು ಕೇಳಿದೊಡನೆ ಅದರ ತೂತುಗಳೆಲ್ಲ ಕಾಣತೊಡಗುತ್ತವೆ. ತಕ್ಷಣ ನಾನು ಶುಲ್ಕದ ಪರವಾದೆ. ಲಂಚ ಗುಟ್ಟಾಗಿರುತ್ತದೆ, ಇದು ಬಹಿರಂಗ. ಲಂಚ ಒಬ್ಬನ ಜೇಬಿಗೆ ಹೋಗುತ್ತದೆ, ಇದು ಸರಕಾರದ ಖಜಾನೆಗೆ. ರೈಲಿನಲ್ಲಿ ತತ್ಕಾಲ್ ತೆಗೆಸುವಾಗ ನೀವು ಯಾಕೆ ಸುಮ್ಮನಿದ್ದಿರಿ ಎಂದು ಅಡ್ಡಪ್ರಶ್ನೆ ಹಾಕಿದೆ. ಮೂರು ಸಂಜೆ ಈ ವಾದ ನಡೆಯಿತು. ನಾಲ್ಕನೆಯ ಸಂಜೆ ಅಪ್ಪ, ನೀ ಹೇಳೂದೂ ಖರೇ ಅನಸ್ತದ, ಕೊಟ್ಟಬಿಡು ಎಂದರು. ಕೂಡಲೇ ನನಗೆ ಅನುಮಾನ ಬಂತು. ಇಷ್ಟು ಬೇಗ ಒಪ್ಪುವಂಥ ವಾದದಲ್ಲಿ ಏನೋ ಸಡಿಲವಿರಬೇಕು. ಮಾರನೆಯ ದಿನದಿಂದ ನಾನು ಶುಲ್ಕದ ವಿರೋಧಿಯಾದೆ, ಅಪ್ಪ ಪರವಾದರು. ಮತ್ತೆರಡು ಸಂಜೆ ಹೋದವು.

ವಾಡಿಯಲ್ಲಿರುವ ಸೋದರಮಾವನಿಗೆ ಫೋನು ಮಾಡಿದೆ. ಅವನು ರೈಲ್ವೆಯಲ್ಲಿ ಗಾರ್ಡ್ ಆಗಿ ಹಸಿರು ಬಾವುಟ ಬೀಸಿ ನಿವೃತ್ತನಾದವನು. ಬೇಗ ಮತ್ತು ತಡ ಎಂಬ ವಿಷಯದಲ್ಲಿ ನಮ್ಮ ಕುಟುಂಬಕ್ಕೆ ಅವನೇ ಕೊನೆಯ ಮಾತು. ಮಾಮಾ ಪೂರ್ತಿ ಕೇಳಿಸಿಕೊಂಡು, "ಎಕ್ಸ್‌ಪ್ರೆಸ್ ಗಾಡಿ ಸುದಾ ವಾಡಿ ಹೊರಗ ಬಂದು ನಿಂದ್ರತದವ್ವಾ. ನಿನ್ನ ಟಿಕೀಟಿನ ಮ್ಯಾಲ ಏನು ಬರ್ದದ ಅಂತ ಸಿಗ್ನಲ್ ಓದಿ ನೋಡ್ತದೇನು?" ಎಂದ. ಎಷ್ಟು ಚಂದದ ಮಾತು. ವಾಡಿ ಜಂಕ್ಷನ್ನಿನ ಹೊರಗೆ ಗಂಟೆಗಟ್ಟಲೆ ಕೂತು ಹಣೆ ಒರೆಸಿಕೊಂಡ ಯಾರಿಗಾದರೂ ಇದರ ಸತ್ಯ ಗೊತ್ತು. ಹಾಗಾದರೆ ಕೊಡುವುದು ಬೇಡವೇ ಮಾಮಾ ಎಂದೆ. ಹಂಗ ಎಲ್ಲಿ ಅಂದೀನಿ, ಪ್ಯಾಸೆಂಜರ್ ಗಾಡಿ ಅದಕ್ಕಿಂತ ಹಿಂದ ನಿಂದ್ರತದ ಎಂದು ಫೋನು ಇಟ್ಟ.

ಪ್ರಯೋಗಾಲಯದಲ್ಲಿ ರಜಿಯಾ ಇದ್ದಾಳೆ. ಶಹಾಬಾದಿನಿಂದ ದಿನಾ ಬಂದುಹೋಗುವ ಅವಳು ನನ್ನ ಸಹೋದ್ಯೋಗಿ, ನಾನು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಮಾತಾಡುವ ಕಲೆ ಕಲಿತ ಏಕೈಕ ಗೆಳತಿ. ಅವಳ ಮುಂದೆ ನಮ್ಮ ವೃತ್ತಿಯ ಆಧಾರವನ್ನೇ ಮಂಡಿಸಿದೆ. ಸಿಮೆಂಟಿನ ಬಲ ನೋಡಲು ಅಚ್ಚಿನಲ್ಲಿ ಚೌಕ ಗಟ್ಟಿಗಳನ್ನು ಎರೆದು, ನೀರಲ್ಲಿಟ್ಟು, ಇಪ್ಪತ್ತೆಂಟು ದಿನ ಕಾದು ಯಂತ್ರದಲ್ಲಿ ಒಡೆಯುತ್ತೇವೆ. ಜಲ್ದಿ ಕೊಡ್ರಿ ಎಂದು ಯಾರೆಷ್ಟು ಫೋನು ಮಾಡಿದರೂ ಇಪ್ಪತ್ತೆಂಟು ದಿನವೆಂದರೆ ಇಪ್ಪತ್ತೆಂಟೇ ದಿನ ಎಂದು ನಾನೇ ಎಷ್ಟು ಸಲ ಗದರಿಸಿಲ್ಲ? ಆಗಬೇಕಾದದ್ದು ತನ್ನ ಕಾಲಕ್ಕೆ ಆಗುತ್ತದೆ. ರಜಿಯಾ ಕೈಗವಸು ಕಳಚುತ್ತ, "ಅರೇ ಲೀಲಾ, ಬಿಸಿನೀರಿನಾಗ ಕುದಿಸಿ ಮರುದಿನಾನೇ ಅಂದಾಜು ಹೇಳೋ ಟೆಸ್ಟ್ ನಮ್ಮ ಬಲ್ಲಿ ಇಲ್ಲೇನು? ಅದು ಸಿಮೆಂಟಿಗಿ ನಾವು ಕೊಡೋ ಚಾಪಾನಿ ಅಂತೀ ಏನು?" ಎಂದಳು. ಅದಕ್ಕೆ ಉತ್ತರ ಹುಡುಕುವುದರಲ್ಲಿ ಆ ವಾರ ಮುಗಿಯಿತು. ಒಳ್ಳೆಯ ಉತ್ತರವೇ ಸಿಕ್ಕಿತು. ಈಗ ಮರೆತಿದ್ದೇನೆ.

ಒಂದು ಬೆಳಗ್ಗೆ ಅಪ್ಪ ಮತ್ತು ನಾನು ಉಪ್ಪಿಟ್ಟಿನ ಮುಂದೆ ಕೂತು ಇನ್ನೇನು ಶುರುಮಾಡಬೇಕು, ಅವ್ವ ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದು ನಮ್ಮಿಬ್ಬರ ತಟ್ಟೆಗಳ ನಡುವೆ ಇಟ್ಟಳು.

"ನೀವು ಮಾತಾಡೂದು ಮುಗ್ಯಾತನಾ ಸೋಮವಾರ ನಿಂದ್ರತದೇನು? ಮೂರು ವಾರ ಎಲ್ಲಿ ಅವ, ತೋರಸ್ರಿ."

ತೋರಿಸಲು ಇರಲಿಲ್ಲ. ಅಂದೇ ಅರ್ಜಿ ಹಾಕಿದರೂ ಮಾಮೂಲಿ ವೀಸಾ ಬರುವ ಹೊತ್ತಿಗೆ ಆ ನಂತರದ ಅಭ್ಯರ್ಥಿ ನನ್ನ ಮೇಜಿನ ಮೇಲೆ ಚಹಾ ಇಟ್ಟುಕೊಂಡು ಕೂತಿರುತ್ತಿದ್ದರು. ಶುಲ್ಕ ಉಳಿಸಬೇಕೋ ಬೇಡವೋ ಎಂಬ ಚರ್ಚೆಗೆ, ಶುಲ್ಕ ಉಳಿಸಲು ಬೇಕಾಗಿದ್ದ ದಿನಗಳನ್ನೇ ಖರ್ಚು ಮಾಡಿದ್ದೆ. ಉಪ್ಪಿಟ್ಟು ಬಿಟ್ಟೆದ್ದು, ಕೈ ಸಹ ತೊಳೆಯದೆ ಎಡಗೈಯಲ್ಲಿ ಕಂಪ್ಯೂಟರು ತೆರೆದು, ಅರ್ಜಂಟ್ ಎಂಬುದನ್ನು ಒತ್ತಿದೆ. ಉಳಿತಾಯದ ಖಾತೆ ಒಮ್ಮೆ ಕೆಮ್ಮಿ ಮಲಗಿತು. ವಿಚಿತ್ರವೆಂದರೆ ನನಗೆ ದುಃಖವಾಗಲಿಲ್ಲ. ಮುಖದ ಮೇಲೆ ನಗು ತಾನಾಗಿ ಕೂತಿತ್ತು. ನಿಜವಾಗಿ ಹೊರಟಿದ್ದೇನೆ ಎಂದು ಆವತ್ತು ಮೊದಲ ಬಾರಿ ಅನ್ನಿಸಿತು.

ಬೆರಳಚ್ಚು ಕೊಡಲು ಹೈದರಾಬಾದಿಗೆ ಹೋಗಬೇಕಿತ್ತು. ಅಪ್ಪ ಜೊತೆಗೆ ಬಂದರು. ಅವರ ಕೈಯಲ್ಲೊಂದು ಬಟ್ಟೆಯ ಚೀಲ. ದಾರಿಯ ಬುತ್ತಿಯಿರಬಹುದು ಎಂದುಕೊಂಡು ನಾನು ವಿಚಾರಿಸಲಿಲ್ಲ. ವೀಸಾ ಕೇಂದ್ರದ ಬಾಗಿಲಲ್ಲಿ ಕಾವಲಿನ ಹುಡುಗ ಚೀಲ ಬಿಚ್ಚಿಸಿದಾಗ ಒಳಗಿದ್ದದ್ದು ತೊಗರಿಬೇಳೆ.

"ಅಪ್ಪಾ, ಇದು ಯಾರಿಗಿ?"

"ಒಳಗ ನಿನ್ನ ಕಾಗದಾ ನೋಡೋರಿಗಿ. ಹೊಸ ಬ್ಯಾಳಿ."

"ನೀವೇ ಚಾಪಾನಿ ಕೊಡಬಾರದು ಅಂತಿದ್ರಿ ಅಲಾ."

"ಇದು ಚಾಪಾನಿ ಹ್ಯಾಂಗಾಗ್ತದ? ನಮ್ಮ ಹೊಲದ್ದು ಇದು."

ಒಂದು ಕಪ್ಪು ಚಹಾವನ್ನೂ ಮುಟ್ಟದ ಮನುಷ್ಯ. ರಸೀದಿ ಇರುವ ಶುಲ್ಕ ಲಂಚ, ರಸೀದಿ ಇಲ್ಲದ ಬೇಳೆ ಪ್ರೀತಿ. ನಮ್ಮ ಕಡೆ ಸುಗ್ಗಿಯಾದ ಮೇಲೆ ಬೇಕಾದವರ ಮನೆಗೆಲ್ಲ ಒಂದಿಷ್ಟು ಬೇಳೆ ಹೋಗುವುದು ನಿಜ. ಮಗಳಿಗೆ ಬೇಕಾದವರು ಈಗ ಇವರು, ಅಷ್ಟೇ. ಕಾಗದ ನೋಡುವವರು ಇಲ್ಲಿಲ್ಲ, ಎಲ್ಲೋ ದೂರದಲ್ಲಿದ್ದಾರೆ, ಇಲ್ಲಿ ಬೆರಳಿನ ಗುರುತು ಮಾತ್ರ ತೆಗೆದುಕೊಳ್ಳುತ್ತಾರೆ ಎಂದೆ. ಬೆರಳಿನ ಗುರುತು ತಗೊಳ್ಳೋರು ಬ್ಯಾಳಿ ಉಣ್ಣಂಗಿಲ್ಲೇನು ಎಂದು ಕೇಳಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಜೀವನದಲ್ಲಿ ಮೊದಲ ಸಲ ವಾದವನ್ನು ಅರ್ಧಕ್ಕೇ ಬಿಟ್ಟು ಒಳಗೆ ಓಡಿದೆ. ಹೊರಬಂದಾಗ ಚೀಲ ಕಾವಲಿನ ಹುಡುಗನ ಕುರ್ಚಿಯ ಕೆಳಗಿತ್ತು. ಅವನು ತಾಂಡೂರಿನವನಂತೆ, ತಮ್ಮೂರ ಬೇಳೆಯೇ ಶ್ರೇಷ್ಠ ಎಂದನಂತೆ, ಅಪ್ಪ ಅರ್ಧ ಗಂಟೆ ವಾದಿಸಿದರಂತೆ. "ಮಾತಿಗಿ ಒಪ್ಪಲಿಲ್ಲ. ಕುದಿಸಿ ನೋಡು ಅಂತ ಕೊಟ್ಟೀನಿ," ಎಂದರು. ನನಗೆ ಈ ಗುಣ ಎಲ್ಲಿಂದ ಬಂತೆಂದು ಊರಿನವರು ಆಗಾಗ ಆಶ್ಚರ್ಯಪಡುತ್ತಾರೆ.

ಆಮೇಲಿನ ದಿನಗಳಲ್ಲಿ ನಾನು ತೂಗಿದ ಯಾವ ತೂಕವೂ ಸರಿಯಿರಲಿಲ್ಲ, ರಜಿಯಾ ಹಿಂದೆಯೇ ನಿಂತು ಮತ್ತೆ ತೂಗುತ್ತಿದ್ದಳು. ವಾರ ತುಂಬುವ ಮೊದಲೇ ಒಂದು ಮಧ್ಯಾಹ್ನ ಫೋನು ಗುಯ್‌ಗುಟ್ಟಿತು. ತೀರ್ಮಾನವಾಗಿದೆ, ಪಾಸ್‌ಪೋರ್ಟು ಹೊರಟಿದೆ ಎಂದಷ್ಟೇ ಸಂದೇಶ. ಹೌದೋ ಇಲ್ಲವೋ ಹೇಳುವ ಸೌಜನ್ಯವಿಲ್ಲ. ಲಕೋಟೆ ಮನೆಗೆ ಬಂದಾಗ ಒಡೆಯುವ ಧೈರ್ಯ ನನಗಾಗಲಿಲ್ಲ. ಅವ್ವ ಈಳಿಗೆ ತಂದು ಕೊಯ್ದು, ಪುಟ ತಿರುವಿ, ನಿನ್ನ ಫೋಟೋ ಭಾಳ ಕೆಟ್ಟ ಬಂದದ ಎಂದಳು. ಪಾಸ್‌ಪೋರ್ಟಿನ ಒಳಪುಟದಲ್ಲಿ ಹೊಸ ಫೋಟೋ ಅಂಟಿದೆ ಎಂದರೆ ವೀಸಾ ಇದೆ. ಅವಳನ್ನು ತಬ್ಬಿಕೊಂಡು ನಾನು ಕೂಗಿದ ಕೂಗಿಗೆ ಎದುರುಮನೆಯ ಕಿರಾಣಿ ಸಾಹುಕಾರರು ಚಪ್ಪಲಿ ಹಾಕಿಕೊಳ್ಳದೆ ಬಂದರು.

ಸಾಹುಕಾರರಿಗೆ ಅಚ್ಚರಿ. ಅವರ ಅಕ್ಕನ ಮಗ ಎಲ್ಲಿಗೋ ಹೋಗಲು ತಿಂಗಳುಗಟ್ಟಲೆ ಕಾದಿದ್ದನಂತೆ. ಇದು ಇಷ್ಟು ಜಲ್ದಿ ಹ್ಯಾಂಗ ಬಂತು ಎಂದು ಅಪ್ಪನನ್ನು ಕೇಳಿದರು. ನಾನು ಕಿವಿಗೊಟ್ಟೆ. ಚಾಪಾನಿ ಎಂಬ ಮಾತು ಈಗ ಹೊರಬೀಳುತ್ತದೆ, ನನ್ನ ಪ್ರತಿವಾದ ಸಿದ್ಧವಿದೆ. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಇದು ಅರ್ಜಂಟ್ ವೀಸಾರೀ ಸಾಹುಕಾರ್ರ. ಎಲ್ಲಾರಿಗೂ ಕೊಡಂಗಿಲ್ಲ. ಇಂಥಾಕಿ ನಮಗ ಬೇಕೇ ಬೇಕು ಅಂತ ಅಲ್ಲಿಯವ್ರಿಗಿ ಅನಸಿದ್ರ, ಅವ್ರೇ ಜಲ್ದಿ ಮಾಡಿ ಕಳಸ್ತಾರ."

ಒಂದೇ ಉಸಿರಿನಲ್ಲಿ ಮೂರು ಸುಳ್ಳು. ಮೊದಲನೆಯದನ್ನು ನಿಯಮದಿಂದ, ಎರಡನೆಯದನ್ನು ತರ್ಕದಿಂದ, ಮೂರನೆಯದನ್ನು ನನ್ನ ಬ್ಯಾಂಕ್ ಖಾತೆಯಿಂದ ಕೆಡವಬಹುದಿತ್ತು. ಸಾಹುಕಾರರು ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ಅಂಥ ಗೌರವವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅವರ ಸಾಬೂನಿನ ಗುಣಮಟ್ಟವನ್ನು ಪ್ರಶ್ನಿಸಿದಾಗಲಂತೂ ಇಲ್ಲವೇ ಇಲ್ಲ. ಖರೇ ಏನವ್ವಾ ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡದೆ ಚಹಾ ಊದುತ್ತಿದ್ದರು.

"ಹೌದ್ರಿ ಕಾಕಾ," ಎಂದೆ. "ಸೋಮವಾರದ ಒಳಗ ಬರಲೇಬೇಕು ಅಂದಾರ."

ಸಾಹುಕಾರರು ಇನ್ನೊಮ್ಮೆ ಹೇಳು ಎಂದರು, ಇನ್ನೊಮ್ಮೆ ಹೇಳಿದೆ. ಆ ವಾಕ್ಯದಲ್ಲಿ ಸುಳ್ಳೇನೂ ಇಲ್ಲವೆಂದು ಯಾವ ತೀರ್ಪುಗಾರರ ಮುಂದೆ ಬೇಕಾದರೂ ವಾದಿಸಲು ಸಿದ್ಧಳಿದ್ದೇನೆ. ಯಾರೂ ಕೇಳದಿದ್ದರೆ ಇನ್ನೂ ಒಳ್ಳೆಯದು.