ಕರಿಯ ಆರಿಸಿದ ತಗಡಿನ ಸೂರು

ಮುಚ್ಚುಮರೆ ಯಾಕೆ, ನೇರವಾಗಿಯೇ ಹೇಳಿಬಿಡುತ್ತೇನೆ: ನಾನು ನನ್ನ ಎತ್ತಿಗೆ ಲಂಚ ಕೊಟ್ಟವನು. ಮನುಷ್ಯರಿಗೆ ಕೊಟ್ಟವರು ಊರಿಗೆ ಹತ್ತು ಜನ ಸಿಗುತ್ತಾರೆ. ಎತ್ತಿಗೆ ಕೊಟ್ಟವನು ಘಾಟಿ ಬುಡದ ನಮ್ಮ ಗೂಡಲೂರಿನಲ್ಲಿ ನಾನೊಬ್ಬನೇ ಇರಬೇಕು. ನಲವತ್ತು ದಾಟಿದ ಗಂಡಸಿಗೆ ಒಂದು ಕಾಯಿಲೆ ಬರುತ್ತದೆ, ತನಗೆ ಎಲ್ಲ ಗೊತ್ತು ಅನ್ನುವ ಕಾಯಿಲೆ. ಜ್ವರ ಬಂದರೆ ಬಂದವನಿಗೇ ತಿಳಿಯುತ್ತದೆ. ಇದು ಹಾಗಲ್ಲ, ಮನೆಯವರಿಗೆಲ್ಲ ತಿಳಿದು ರೋಗಿಗೊಬ್ಬನಿಗೆ ತಿಳಿಯುವುದಿಲ್ಲ.

ಅದು ಬೆಟ್ಟದ ಮೇಲೆ ಅಣೆ ಕಟ್ಟುತ್ತಿದ್ದ ಕಾಲ. ನಮ್ಮೂರಿನ ಗಾಡಿಗಳೆಲ್ಲ ಸುಣ್ಣವೋ ಕಬ್ಬಿಣವೋ ಹೇರಿಕೊಂಡು ಘಾಟಿ ಹತ್ತುತ್ತಿದ್ದವು. ನಾನೂ ನಾಲ್ಕೈದು ಸಲ ಹತ್ತಿ, ಅಲ್ಲಿ ಬಿಳಿ ದೊರೆಗಳ ಕೊಟ್ಟಿಗೆಗಳಿಗೆ ಹೊದಿಸಿದ್ದ ಅಲೆಅಲೆ ತಗಡನ್ನು ಕಣ್ಣಾರೆ ನೋಡಿ ಬಂದಿದ್ದೆ. ಗಾಡಿಯ ಕಮಾನಿನ ಹಾಗೆ ದುಂಡಗೆ ಬಗ್ಗಿಸಿದ ಸೂರು! ಮಳೆ ಬಿದ್ದರೆ ಜಾರಿ ಹೋಗಬೇಕು, ಬಿಸಿಲು ಬಿದ್ದರೆ ಮಿಂಚಬೇಕು. ಮನೆಗೆ ಬಂದು ಊಟಕ್ಕೆ ಕೂತರೂ ನನಗೆ ತಟ್ಟೆಯಲ್ಲಿ ಅದೇ ಕಾಣುತ್ತಿತ್ತು. ಮುದ್ದೆಯನ್ನು ಕೂಡ ಅದೇ ಆಕಾರಕ್ಕೆ ಒತ್ತಿ ನೋಡುತ್ತಿದ್ದೆ ಅಂತ ನನ್ನ ಹೆಂಡತಿ ಕೆಂಚಮ್ಮ ಈಗಲೂ ಹೇಳುತ್ತಾಳೆ.

ಸೂರು ಬೇಕಾಗಿದ್ದುದು ಅಂಗಳದಲ್ಲಿ ನಮ್ಮ ವಿಲ್ಲುವಂಡಿ ನಿಲ್ಲಿಸುವ ಜಾಗಕ್ಕೆ. ಅಡಿಯಲ್ಲಿ ಬಿಲ್ಲಿನಂಥ ಕಬ್ಬಿಣದ ಪಟ್ಟಿ ಇರುವ ಗಾಡಿ, ಹೇರು ಗಾಡಿಯ ಹಾಗೆ ಕುಲುಕುವುದಿಲ್ಲ. ಹಿಂದಿನ ವರ್ಷ ಅದು ನಿಲ್ಲುವಲ್ಲಿ ತಾಳೆಗರಿಯ ಚಪ್ಪರ ಹಾಕಿದ್ದೆ. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿಗೆ ಖಾರ ಅರೆಯುವ ಅಮ್ಮಿಕಲ್ಲೇ ಹಾರುತ್ತದೆ ಅನ್ನುವ ಸೀಮೆ ನಮ್ಮದು, ಗರಿ ನಿಲ್ಲುತ್ತದೆಯೇ? ಚಪ್ಪರ ಹೋಯಿತು, ಗಾಲಿ ನೆನೆದು, ಒಣಗಿ, ಮತ್ತೆ ನೆನೆದು, ಒಂದು ದಿನ ಕೆರೆ ಏರಿಯ ಮೇಲೆ ಕಳಚಿಕೊಂಡಿತು. ಒಳಗೆ ಕೂತಿದ್ದ ಕೆಂಚಮ್ಮ ಉರುಳಿ ನೇರ ನಾಟಿ ಗದ್ದೆಗೆ. ಕೆಸರಿನಲ್ಲಿ ಕೂತುಕೊಂಡೇ ಆಕೆ ಆಣೆ ಇಟ್ಟಳು: "ರಂಗಿಯಪ್ಪಾ, ನನ್ನ ಸೊಂಟ ಹೋದ್ರೆ ಹೋಗ್ಲಿ. ನನ್ನ ಮಗಳನ್ನ ಇಂಥ ವಂಡೀಲಿ ಕೂರ್ಸಿದ್ರೆ ನಾನು ನಿಮ್ಮ ಹೆಂಡ್ತಿ ಅಲ್ಲ."

ಮಗಳು ರಂಗಿಯನ್ನು ಹನುಮಂತನಪಟ್ಟಿಗೆ ಕೊಟ್ಟಿದ್ದೆವು. ಈಗ ಚೊಚ್ಚಲ ಬಸುರಿ. ಆಡಿ ಹುಟ್ಟುವುದರೊಳಗೆ ಹೆರಿಗೆಗೆ ಕರೆತರಬೇಕು, ಆಡಿ ಬಂದ ಮೇಲೆ ಕಳಿಸುವುದಿಲ್ಲ ಅಂತ ಬೀಗರು ಹೇಳಿ ಕಳಿಸಿದ್ದರು. ಗಾಲಿಗೆ ಹೊಸ ಕಡ್ಡಿ ಹಾಕಿಸಿದ್ದಾಗಿತ್ತು. ಇನ್ನು ಅದನ್ನು ನೆನೆಯದ ಹಾಗೆ ಕಾಪಾಡಿದರೆ ಸಾಕಿತ್ತು. ಬೆಟ್ಟದಿಂದ ಬಂದ ಹಳೇ ತಗಡು ಹನ್ನೆರಡು ಸಿಕ್ಕಿದವು. ಅಲ್ಲಿಂದ ಶುರುವಾಯಿತು ಜಗಳ.

ಕೆಂಚಮ್ಮ ಹೇಳಿದಳು, ಮನೆಯ ಹಾಗೆ ಎರಡು ಕಡೆ ಇಳಿಜಾರು ಇರಲಿ. ನಾನು ಹೇಳಿದೆ, ದುಂಡಗೇ ಆಗಬೇಕು, ಅದರ ಬಾಯಿ ಬೆಟ್ಟದ ಕಡೆಯ ಕುಮಳಿ ರಸ್ತೆಗೇ ಇರಬೇಕು. ಯಾಕೆ? ಘಾಟಿಗೆ ಹೋಗುವ ಗಾಡಿಯವರೆಲ್ಲ ನೋಡಲಿ ಅಂತ. ಅದನ್ನು ಬಾಯಿಬಿಟ್ಟು ಹೇಳಲಾಗುತ್ತದೆಯೇ? "ಗಾಳಿ ಆಡುತ್ತೆ, ಮರ ಬೂಸಲು ಹಿಡಿಯಲ್ಲ" ಅಂದೆ. ಮರಗೆಲಸದ ಆಚಾರಿ ಬಾಯಿಯ ವೀಳ್ಯ ಉಗಿದು ಬಂದ.

"ಅಣ್ಣಾ, ಗಾಳಿ ಆಡಲ್ಲ, ಒಳಗೆ ಬಂದು ಕುಸ್ತಿ ಮಾಡುತ್ತೆ. ಒಂದೇ ಇಳಿಜಾರು ಸಾಕು. ತಗ್ಗು ಬೆಟ್ಟದ ಕಡೆ, ಎತ್ತರ ಮೂಡಲ ಕಡೆ. ಬೆಟ್ಟದ ಕಡೆ ಒಂದು ಮೋಟು ಗೋಡೆ. ಐಪ್ಪಸಿ ತಿಂಗಳ ಹಿಂಗಾರು ಮಳೆ ಮೂಡಲಿಂದ ಬರುತ್ತಲ್ಲ, ಅದಕ್ಕೆ ಆ ಕಡೆ ಸೂರನ್ನ ಒಂದು ಮೊಳ ಮುಂದಕ್ಕೆ ಚಾಚೋಣ."

"ಇದೇನಯ್ಯ, ದನದ ಕೊಟ್ಟಿಗೆ ಹೇಳ್ತಿದ್ದೀಯ?"

"ದನಕ್ಕಿರೋ ಬುದ್ಧಿನೇ ಹೇಳ್ತಿದ್ದೀನಿ. ಹೊಲದಲ್ಲಿ ನಿಮ್ಮ ಎತ್ತು ಕರಿಯನನ್ನ ನೋಡಿ. ಗಾಳಿ ಬಂದ್ರೆ ಅವನು ಮೂತಿ ಕೊಡ್ತಾನಾ, ಬೆನ್ನು ಕೊಡ್ತಾನಾ?"

ಕೆಂಚಮ್ಮ ಕಿಸಕ್ಕನೆ ನಕ್ಕಳು. ನನಗೆ ರೋಷ ಬಂತು. "ಸರಿ, ಕರಿಯನೇ ಹೇಳಲಿ!" ಅಂದುಬಿಟ್ಟೆ.

ಇದು ಹೊರಗಿನವರಿಗೆ ತಮಾಷೆಯಾಗಿ ಕಾಣಬಹುದು. ತಮಿಳು ಸೀಮೆಯಲ್ಲಿ ನೆಲೆಸಿ ಕನ್ನಡ ಆಡುವ ನಮ್ಮ ಜನಕ್ಕೆ ಹಾಗಲ್ಲ. ನಮ್ಮಲ್ಲಿ ದೇವರ ಮಂದೆ ಅಂತ ಒಂದಿದೆ. ಆ ದನಗಳಿಗೆ ನೊಗ ಹೂಡುವುದಿಲ್ಲ, ಅವಕ್ಕೊಂದು ರಾಜ ಹೋರಿ. ಅದು ತೀರಿಕೊಂಡರೆ ಮಂದೆಯ ಮುಂದೆ ಕಬ್ಬಿನ ಕಟ್ಟು ಇಟ್ಟು ಕೈಮುಗಿದು ನಿಲ್ಲುತ್ತೇವೆ. ಯಾವ ಹೋರಿ ತಾನಾಗಿ ಬಂದು ಬಾಯಿ ಹಾಕುತ್ತದೋ ಅದೇ ರಾಜ. ಆಮೇಲೆ ಯಾರೂ ತಕರಾರು ತೆಗೆಯುವ ಹಾಗಿಲ್ಲ. ದೇವರ ಮಂದೆಯ ಕಟ್ಟಳೆಯನ್ನು ನೊಗ ಹೊರುವ ಮನೆ ಎತ್ತಿಗೆ ಅನ್ವಯಿಸಬಾರದು, ನಿಜ. ಆದರೆ ಮಾತು ಬಾಯಿಂದ ಬಿದ್ದಾಗಿತ್ತು.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಮೂರು ಗೂಟ ನೆಟ್ಟೆವು, ಒಂದೊಂದಕ್ಕೂ ಒಂದೊಂದು ಕಟ್ಟು ಕಬ್ಬು. ಎಡಗಡೆಯದು ಕೆಂಚಮ್ಮನ ಎರಡು ಇಳಿಜಾರು, ಬಲಗಡೆಯದು ಆಚಾರಿಯ ಒಂದು ಇಳಿಜಾರು, ನಡುವಿನದು ನನ್ನ ದುಂಡು. ಕೆಂಚಮ್ಮ ಕರಿಯನನ್ನು ಬಿಚ್ಚಲು ಹೋದಳು, ಆಚಾರಿ ಕಾಲು ತೊಳೆಯಲು ಹೋದ. ಆ ಗಳಿಗೆಯಲ್ಲಿ ನಾನು ಮಡಿಲಿನಿಂದ ಒಂದು ಅಚ್ಚು ಬೆಲ್ಲ ತೆಗೆದು ನಡುವಿನ ಕಟ್ಟಿಗೂ ಗೂಟಕ್ಕೂ ಚೆನ್ನಾಗಿ ಉಜ್ಜಿದೆ. ಕರಿಯ ಬಂದ, ಮೂಗು ಎತ್ತಿದ, ಆ ಕಡೆ ಈ ಕಡೆ ನೋಡದೆ ನೇರ ನಡುವಿಗೇ ನಡೆದ. ಕಬ್ಬಿಗಿಂತ ಹೆಚ್ಚು ಹೊತ್ತು ಗೂಟವನ್ನೇ ನೆಕ್ಕಿದ. ಆಚಾರಿ ಕೆನ್ನೆ ಕೆನ್ನೆ ಬಡಿದುಕೊಂಡು, "ಇನ್ನು ನಾನು ಪೇಸಲ್ಲ ಅಣ್ಣಾ, ತುಟಿ ಬಿಚ್ಚಲ್ಲ" ಅಂದ. ಕೆಂಚಮ್ಮ ಗೂಟವನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳದೆ ಒಳಗೆ ಹೋದಳು. ನನ್ನ ಹೆಂಡತಿ ಮಾತಾಡಿದರೆ ನನಗೆ ಭಯವಿಲ್ಲ. ಸುಮ್ಮನಾದರೆ ಭಯ. ಆವತ್ತು ಮಾತ್ರ ಗೆದ್ದ ಸಂತೋಷದಲ್ಲಿ ಭಯಪಡುವುದನ್ನೇ ಮರೆತೆ.

ನಾಲ್ಕು ಜನ ಸೇರಿ ಹಗ್ಗ ಕಟ್ಟಿ, ಉಸಿರು ಕಟ್ಟಿ ತಗಡು ಬಗ್ಗಿಸಿದೆವು. ಸೂರು ನಿಂತಿತು. ಏನು ಮಿಂಚು! ರಸ್ತೆಯಲ್ಲಿ ಹೋಗುವ ಗಾಡಿಯವರು ಎತ್ತು ನಿಲ್ಲಿಸಿ ನೋಡಿದರು. ನಾನು ಜಗಲಿಯ ಮೇಲೆ, ನೋಡುವವರನ್ನು ನೋಡುತ್ತ ಕೂತೆ. "ಅಪ್ಪ ಹೊಸ ಸೂರು ಹಾಕಿಸಿದ್ದಾನೆ, ಬಂದು ನೋಡು" ಅಂತ ರಂಗಿಗೂ ಹೇಳಿ ಕಳಿಸಿದೆ.

ರಂಗಿಯನ್ನು ಕರೆತರಲು ಹೊರಡಬೇಕಾದ ದಿನ ಬೆಳಕು ಹರಿಯುವಾಗ ತುಂತುರು ಮಳೆಯ ಜೊತೆ ಗಾಳಿ ಎದ್ದಿತು. ಆಡಿ ಹುಟ್ಟಲು ಇನ್ನೂ ಮೂರು ದಿನ ಇತ್ತು. ಗಾಳಿಗೆ ಪಂಚಾಂಗ ಓದಿ ಹೇಳುವವರು ಯಾರು? ಘಾಟಿಯಿಂದ ಇಳಿದು ಬಂದು, ನಾನು ಆಸೆಪಟ್ಟು ಅದರ ಕಡೆಗೇ ತೆರೆದಿಟ್ಟಿದ್ದ ಬಾಯೊಳಗೆ ನುಗ್ಗಿತು. ನಾನು ಹೊರಗೆ ಬರುವಷ್ಟರಲ್ಲಿ ಸೂರು ಇಡಿಯಾಗಿ ಎದ್ದು, ಅಂಗಳದ ಮೇಲೆ ಹಾಯ್ದು, ಬಾವಿಯ ಪಕ್ಕ ಅಂಗಾತ ಬಿತ್ತು. ಕಂಬಗಳು ಗಾಡಿ ಇದ್ದ ಜಾಗಕ್ಕೇ ಮಕಾಡೆ ಬಿದ್ದಿದ್ದವು. ಗಾಡಿ ಹೋಯಿತು, ಇನ್ನು ಮಗಳನ್ನು ಹೇರು ಗಾಡಿಯಲ್ಲಿ ಕುಲುಕಿಸಿಕೊಂಡು ತರುವುದೇ, ಬಿಟ್ಟೇ ಬಿಡುವುದೇ? ಯಾರದೋ ಮೆಚ್ಚುಗೆಗೆ ನನ್ನ ರಂಗಿಯನ್ನು ಒತ್ತೆ ಇಟ್ಟೆನಲ್ಲ ಅಂತ ಅಲ್ಲೇ ಕುಸಿದು ಕೂತೆ.

"ಅಲ್ಲಿ ಏನು ಹುಡುಕ್ತೀರಿ? ವಂಡಿ ಇಲ್ಲಿದೆ, ಬನ್ನಿ."

ಹುಲ್ಲಿನ ಬಣವೆಯ ಹಿಂದಿನಿಂದ ಕೆಂಚಮ್ಮನ ದನಿ. ಬಣವೆಯ ಮರೆಗೆ, ಮೂಡಲ ಕಡೆ, ಚಾಪೆ ಹೊದಿಸಿಕೊಂಡು ಗಾಡಿ ಕೂತಿತ್ತು. ಒಂದು ಹನಿ ಸೋಕಿರಲಿಲ್ಲ. ಪಕ್ಕದಲ್ಲೇ ಕರಿಯ, ಬೆಟ್ಟಕ್ಕೆ ಬೆನ್ನು ಕೊಟ್ಟು ಮೆಲುಕು ಹಾಕುತ್ತಿದ್ದ.

"ಯಾವಾಗ ತಂದೆ?"

"ನಿನ್ನೆ ಸಾಯಂಕಾಲ, ನೀವು ಜಗಲಿ ಮೇಲೆ ಮೆರೀತಿದ್ರಲ್ಲ, ಆಗ."

"ಎತ್ತು ಆರಿಸಿದ ಮೇಲೂ ನಿನಗೆ ನಂಬಿಕೆ ಇರ್ಲಿಲ್ವಾ?"

"ಎತ್ತು ಹೇಳಿದ್ರೆ ಕೇಳ್ಬೋದು, ರಂಗಿಯಪ್ಪಾ. ಬೆಲ್ಲ ಹೇಳಿದ್ರೂ ಕೇಳ್ಬೇಕಾ? ಆ ಗೂಟಕ್ಕೆ ನಾಲ್ಕು ದಿನ ಇರುವೆ ಸಾಲು ಹತ್ತಿತ್ತು."

"ಅವತ್ತೇ ಹೇಳೋದಲ್ವಾ?"

"ಆಚಾರಿ ಮುಂದೇನಾ?" ಅಂದಳು. ಗಾಡಿಯ ಮೇಲಿನ ಚಾಪೆ ಎಳೆದು ಸುತ್ತುತ್ತ, "ಹೊರಡಿ, ಬಿಸಿಲೇರುತ್ತೆ. ಮಗಳು ಕಾಯ್ತಿರ್ತಾಳೆ."

ರಂಗಿ ಸುಖವಾಗಿ ಬಂದಳು. ಅಂಗಳಕ್ಕೆ ಇಳಿದವಳೇ, "ಅಪ್ಪಾ, ಹೊಸ ಸೂರು ಎಲ್ಲಿ?" ಅಂದಳು. ಕೆಂಚಮ್ಮ ಬಾವಿಯ ಕಡೆ ಕೈ ತೋರಿಸಿದಳು. ಅಂಗಾತ ಬಿದ್ದ ಸೂರಿನಲ್ಲಿ ತುಂತುರು ನೀರು ನಿಂತಿತ್ತು, ಗಾಡಿಯಿಂದ ಬಿಚ್ಚಿದ ಕರಿಯ ನೇರ ಹೋಗಿ ಅದರಲ್ಲಿ ಕುಡಿಯತೊಡಗಿದ. ಉಳಿದ ತಗಡಿನಲ್ಲಿ ಆಚಾರಿ ತನ್ನ ಒಂದೇ ಇಳಿಜಾರಿನ ಸೂರು ಹಾಕಿದ. ನೋಡಲು ಏನೂ ಚಂದವಿಲ್ಲ. ಅದಕ್ಕೇ ಇರಬೇಕು, ಇನ್ನೂ ನಿಂತಿದೆ.

ಮೊಮ್ಮಗ ಹುಟ್ಟಿದ. ಹೆಸರಿಡುವ ಮಾತು ಬಂದಾಗ ನಾನು ಗಂಟಲು ಸರಿಮಾಡಿಕೊಂಡು ನಮ್ಮಪ್ಪನ ಹೆಸರೇ ಒಳ್ಳೆಯದು ಅಂದೆ. ಕೂಡಲೆ ತೊಟ್ಟಿಲಲ್ಲಿ ಮಗು ನಕ್ಕಿತು. "ನೋಡಿ, ಅವನೇ ಒಪ್ಪಿದ!" ಅಂದೆ. ಕೆಂಚಮ್ಮ ಹತ್ತಿರ ಬಂದು ಮಗುವಿನ ತುಟಿ ಒರೆಸಿ ಬೆರಳು ಮೂಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಅಂದಳು: "ಮೊದಲು ಕೈ ತೋರಿಸಿ."

ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.