ಹಾಕಿದ ಬಾಗಿಲೊಳಗಿನ ಪರೀಕ್ಷೆ

ನಮ್ಮ ಹನೂರಿನ ಬೀದಿಯಲ್ಲಿ ಹಗಲು ಹೊತ್ತು ಯಾರೂ ಮುಂಬಾಗಿಲು ಹಾಕುವುದಿಲ್ಲ. ಹಾಕಿದರೆ ಒಳಗೆ ಜಗಳ ನಡೆದಿದೆ, ಇಲ್ಲವೇ ಯಾರಿಗೋ ಮೈ ಸರಿಯಿಲ್ಲ ಎಂದರ್ಥ. ಎರಡರಲ್ಲಿ ಯಾವುದೇ ಆಗಿರಲಿ, ನೆರೆಯವರು ಬಂದು ವಿಚಾರಿಸಲೇಬೇಕು. ಇಂಥ ಬೀದಿಯಲ್ಲಿ ಹುಟ್ಟಿ ಬೆಳೆದವನು ಆನ್‌ಲೈನ್ ಪರೀಕ್ಷೆಗೆ ಹೆಸರು ಕೊಡಬಾರದು. ನಾನು ಕೊಟ್ಟೆ.

ಕೊಡದೆ ವಿಧಿಯಿರಲಿಲ್ಲ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ವೈರು ಎಳೆಯುವುದರಲ್ಲಿ, ಸತ್ತ ವೈಫೈಗೆ ಜೀವ ಕೊಡುವುದರಲ್ಲಿ ನನ್ನ ಕೈ ಪಳಗಿದೆ. ಪಳಗಿದ್ದಕ್ಕೆ ಸರ್ಟಿಫಿಕೇಟ್ ಎಲ್ಲಿ ಎಂದು ಪ್ರಿನ್ಸಿಪಾಲರು ಕೇಳಿದರು. ನೆಟ್‌ವರ್ಕಿಂಗ್ ಪರೀಕ್ಷೆ ಪಾಸಾದರೆ ಜೂನ್ ನಂತರವೂ ಕೆಲಸ; ಇಲ್ಲವಾದರೆ ನನ್ನ ಜಾಗಕ್ಕೆ ಬೇರೆಯವರು. ಅಂದಿನಿಂದ ನಾನು ಬಸ್ಸಿನಲ್ಲಿ, ಬಚ್ಚಲಲ್ಲಿ, ಊಟದ ತಟ್ಟೆಯ ಮುಂದೆ ಐ.ಪಿ. ವಿಳಾಸಗಳನ್ನು ಗೊಣಗುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಮೆಲ್ಲಗೆ ಸೀಟು ಬದಲಿಸುತ್ತಿದ್ದರು.

ಓದು ಹೇಗೋ ತಲೆಗೆ ಹತ್ತಿತು. ಕಷ್ಟವಾದದ್ದು ನಿಯಮ. ಪರೀಕ್ಷೆಯನ್ನು ಮನೆಯಲ್ಲೇ ಬರೆಯಬಹುದು, ಆದರೆ ಕೋಣೆಯಲ್ಲಿ ಇನ್ನೊಬ್ಬರಿರಬಾರದು, ಮಾತಾಡಬಾರದು. ಎಲ್ಲೋ ಕೂತ ಮೇಲ್ವಿಚಾರಕರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಬಾಯಿ ತೆರೆದರೆ ಪರೀಕ್ಷೆ ರದ್ದು. ಇದನ್ನು ಮನೆಯವರಿಗೆ ಕಲಿಸಲು ಹೊರಟೆ. ಹೆಂಡತಿ ಗಿರಿಜೆ ಆ ಹೊತ್ತಿನಲ್ಲಿ ಕುಕ್ಕರ್ ಇಡಕೂಡದು. ಅವ್ವ ನನ್ನ ಹಣೆಗೆ ವಿಭೂತಿ ಹಚ್ಚುವುದಿದ್ದರೆ ಮೊದಲೇ ಹಚ್ಚಿಬಿಡಬೇಕು. ಬಾಗಿಲು ಹಾಕಿದ್ದರೆ ಗಾಬರಿಯಾಗಬೇಡಿ ಎಂದು ಗಿರಿಜೆ ಅಕ್ಕಪಕ್ಕದ ಮನೆಗಳಿಗೂ ಹೇಳಿಬಂದಳು. ಆದರೂ ನನಗೆ ನಂಬಿಕೆಯಿಲ್ಲ. ನಿಮಗ್ಯಾರಿಗೂ ಸುಮ್ಮನಿದ್ದು ಅಭ್ಯಾಸವೇ ಇಲ್ಲ ಎಂದು ದಿನವೂ ರೇಗುತ್ತಿದ್ದೆ.

ಪರೀಕ್ಷೆಯ ದಿನ ಮನೆಯಲ್ಲಿ ಸದ್ದೇ ಇರಲಿಲ್ಲ. ಪ್ರಶ್ನೆಗಳೂ ಸಲೀಸಾಗಿದ್ದವು. ಬೇಡದವರು ನೆಟ್‌ವರ್ಕಿನೊಳಗೆ ಬಾರದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆ ಬಂತು. ಉತ್ತರ ಗೊತ್ತಿತ್ತು, ಗುರುತು ಮಾಡಿದೆ. ಅಷ್ಟರಲ್ಲಿ, ಗಾಳಿಗೆಂದು ತೆರೆದಿಟ್ಟ ಕಿಟಕಿಯಾಚೆ, ಜಗಲಿಯ ಮೇಲೆ ಲೊಕ್ಕನಹಳ್ಳಿಯ ಸೋದರಮಾವ ಕಾಣಿಸಿದರು. ಹೆಗಲ ಮೇಲೆ ಅವರೆಕಾಯಿ ಚೀಲ. ಅಲ್ಲೇ ಕಾವಲು ಕೂತಿದ್ದ ಗಿರಿಜೆ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಮಾವ ಪಾಪ, ಬಂದ ಕೆಮ್ಮನ್ನೂ ಟವಲಿನಲ್ಲಿ ಅದುಮಿ ಮೆಲ್ಲಗೆ ಕೂತರು. ಯಾರೂ ಸೊಲ್ಲೆತ್ತಲಿಲ್ಲ. ಎತ್ತಿದವನು ನಾನು.

"ಬನ್ನಿ ಮಾವ, ಈಗ್ ಬಂದ್ರಾ? ಒಳೀಕ್ ಬನ್ನಿ, ಕಾಪಿ ಕುಡೀರಿ."

ಮನೆಗೆ ಬಂದವರನ್ನು ಕಂಡರೆ ನನ್ನ ಬಾಯಿ ನನ್ನನ್ನು ಕೇಳಿ ತೆರೆದುಕೊಳ್ಳುವುದಿಲ್ಲ. ನಿಮ್ಮ ಪರೀಕ್ಷೆ ರದ್ದಾಗಿದೆ ಎಂದು ಪರದೆಯ ಮೇಲೆ ಬಹಳ ವಿನಯವಾದ ಸಾಲೊಂದು ಮೂಡಿತು. ಜೂನ್ ಕಣ್ಣ ಮುಂದೆ ಬಂದು ನಿಂತಿತು. ವಿಷಯ ತಿಳಿದ ಮಾವ ಕಾಫಿ ಲೋಟ ಕೆಳಗಿಟ್ಟು, "ಅಂತಾ ಪರೀಕ್ಷೇಲೂ ನನ್ನ ಮಾತಾಡುಸ್ದಲ್ಲಾ, ಅಷ್ಟೇ ಸಾಕು ಕಣಪ್ಪ" ಅಂದರು. ಅವರ ಮುಖದ ಸಂತೋಷ ನೋಡಿ ಪೆಚ್ಚಾಗಿ ನಕ್ಕೆ.

ಮುಂದಿನ ತಿಂಗಳು ಇನ್ನೊಂದು ಅವಕಾಶವಿದೆ, ಅದೇ ಕೊನೆಯದು. ಪುಸ್ತಕ ಓದಿದ್ದು ಸಾಕು ಎಂದು ಗಿರಿಜೆ ತೀರ್ಮಾನಿಸಿದ್ದಾಳೆ. ಈಗ ತರಬೇತಿ ಅವಳದು. ಸಂಜೆ ನನ್ನನ್ನು ಒಳಗೆ ಕೂರಿಸಿ ಬಾಗಿಲು ಹಾಕುತ್ತಾಳೆ, ಅವ್ವ ಜಗಲಿಯಲ್ಲಿ ನಿಂತು, ನೆಂಟರ ಹಾಗೆ, "ಯಾರಪ್ಪಾ ಮನೇಲಿ?" ಎಂದು ಕೂಗುತ್ತಾಳೆ. ನಾನು ಸುಮ್ಮನಿರಬೇಕು, ಅಷ್ಟೇ. ನಿನ್ನೆ ನನ್ನ ಹೆತ್ತ ಅವ್ವನನ್ನೇ ಬನ್ನಿ, ಕೂತ್ಕಳಿ ಎಂದು ಒಳಗೆ ಕರೆದೆ.