ಏಳು ಮೂಳೆ, ಒಂದು ದಿಂಬು

ಕತ್ತಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿರಲಿಲ್ಲ. ಮದ್ದೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು ನಾನು. ಜಿರಾಫೆಯ ಕತ್ತಿಗೂ ಏಳೇ ಮೂಳೆ, ನಮ್ಮ ಕತ್ತಿಗೂ ಏಳೇ ಮೂಳೆ ಎಂದು ಹೇಳಿ ಪ್ರತಿ ವರ್ಷ ಮಕ್ಕಳನ್ನು ಬೆರಗುಗೊಳಿಸಿದವನು!

ಅವತ್ತೂ ಅದೇ ಪಾಠ. "ಮೊದಲನೇ ಮೂಳೆಯಿಂದ ಹೂಂ ಅಂತ ತಲೆ ಆಡಿಸ್ತೀವಿ. ಅದು ಎರಡನೇದರ ಮೇಲೆ ತಿರುಗೋದ್ರಿಂದ ಊಹೂಂ ಅಂತೀವಿ. ಹೀಗೆ!" ಎಂದು ತಲೆಯನ್ನು ರಪ್ಪನೆ ತಿರುಗಿಸಿದೆ.

ಕಟಕ್!

ತಲೆ ಕಿಟಕಿಯ ಕಡೆಗೇ ನಿಂತುಬಿಟ್ಟಿತು. ಮಿಕ್ಕ ಪಾಠವನ್ನು ಹೊರಗಿನ ಬೇವಿನಮರಕ್ಕೆ ಮಾಡಿದೆ.

"ಕತ್ತು ಉಳುಕ್ಬುಟ್ಟದೆ ಕಣ್ರೀ. ದಿಂಬ ಬಿಸ್ಲಿಗೆ ಹಾಕುದ್ರೆ ಓಯ್ತದೆ" ಎಂದಳು ಹೆಂಡತಿ ಸವಿತಾ. ವಿಜ್ಞಾನದ ಮೇಷ್ಟ್ರಿಗೆ ದಿಂಬಿನ ವೈದ್ಯವೇ ಎಂದು ನಕ್ಕೆ. ನಕ್ಕಿದ್ದಕ್ಕೆ ಇನ್ನಷ್ಟು ನೋವಾಯಿತು. ನಾನೇ ದಿಂಬು ಹೊತ್ತು ತಾರಸಿಗೆ ಹೋದೆ. ಸದರಿ ದಿಂಬನ್ನು ನೋವು ಪೂರ್ತಿ ಹೋಗುವವರೆಗೆ ಯಾರೂ ಕೆಳಗಿಳಿಸತಕ್ಕದ್ದಲ್ಲ ಎಂದು ಆಜ್ಞೆಯನ್ನೂ ಹೊರಡಿಸಿದೆ.

ಮರುದಿನ ಎದ್ದರೆ ಬಲಗೈ ಜೋಮು! ಬೇರೆಯವರಾದರೆ ಕೈ ಕೊಡವಿ ಕಾಫಿ ಕುಡಿಯುತ್ತಿದ್ದರು. ನನಗೋ, ಯಾವ ಮೂಳೆಯ ಸಂದಿನ ನರ ಯಾವ ಬೆರಳಿಗೆ ಹೋಗುತ್ತದೆಂಬುದೆಲ್ಲ ಗೊತ್ತು. ಅದರ ಮರುದಿನವೂ ಜೋಮು. ನರ ಸಿಕ್ಕಿಕೊಂಡಿದೆ, ಇನ್ನು ಕೈ ಹೋಯಿತು! ನಿಜಕ್ಕೂ ಹೆದರಿದೆ. ಸೀಮೆಸುಣ್ಣ ಹಿಡಿಯಲಾಗದ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಬೆಸಗರಹಳ್ಳಿಯಿಂದ ಬಾಮೈದ ಸ್ವಾಮಿ ಓಡಿ ಬಂದ. ಆಟೋ ಕುಲುಕುತ್ತದೆಂದು ನನ್ನ ಹೊಸ ಬೈಕಿನಲ್ಲೇ ಕೂರಿಸಿಕೊಂಡು ಹೊರಟ. ಸವಿತಾ ಆಟೋದಲ್ಲಿ ಹಿಂದೆ ಬಂದಳು.

"ನಿಧಾನ ಕಣಪ್ಪಾ, ಹಂಪ್ಸು!"

"ಎದ್ರುಕೋಬ್ಯಾಡಿ ಬುಡಿ ಬಾವ."

ಕ್ಲಿನಿಕ್ಕಿನ ಬಾಗಿಲಲ್ಲಿ ನನಗೆ ದುಃಖ ಉಕ್ಕಿಬಂತು. "ಸ್ವಾಮಿ, ಈ ಗಾಡಿ ನೀನೇ ಇಟ್ಕೊಳಪ್ಪ. ಇನ್ನು ನನ್ನ ಕೈಲಿ ಓಡಿಸೋಕಾಗಲ್ಲ" ಎಂದೆ.

"ಅಂಗೆಲ್ಲ ಅನ್ಬ್ಯಾಡಿ ಬಾವ!" ಎಂದು ಕಣ್ಣೊರೆಸಿಕೊಂಡ. ಕೀ ಮಾತ್ರ ಜೇಬಿಗೆ ಹೋಯಿತು.

ಡಾಕ್ಟರಮ್ಮ ಅಂಗಿ ಬಿಚ್ಚಿಸಿ ಹಿಂದೆ ನಿಂತು ಒಂದೊಂದೇ ಮೂಳೆ ಒತ್ತಿ ನೋಡಿದರು. "ಅದು ಆರನೇದಾ, ಏಳನೇದಾ ಡಾಕ್ಟ್ರೇ?" ಎಂದು ಕೇಳಿದೆ.

"ನೀವು ಸುಮ್ನಿರಿ. ಕಿವೀನ ಭುಜಕ್ಕೆ ತನ್ನಿ. ಅಯ್ಯೋ, ಭುಜಾನ ಕಿವಿಗೆ ತರ್ತಿದೀರಲ್ರೀ!"

ಸಣ್ಣ ಸುತ್ತಿಗೆಯಿಂದ ಮೊಣಕೈ ಸಂದಿಗೆ ತಟ್ಟಿದರು. ಕೈ ಜಿಗಿಯಿತು. ತಮ್ಮ ಬೆರಳು ಹಿಡಿದು ಹಿಚುಕಲು ಹೇಳಿದರು. ಭಯಕ್ಕೆ ಜೀವಬಿಟ್ಟು ಹಿಚುಕಿದೆ.

"ಬಿಡ್ರೀ, ಬಿಡ್ರೀ! ನಿಮ್ಮ ನರ ಚೆನ್ನಾಗಿದೆ, ನನ್ನ ಬೆರಳು ಹೋಯ್ತು! ಕತ್ತಿನ ಸ್ನಾಯು ಹಿಡ್ಕೊಂಡಿದೆ, ಅಷ್ಟೇ. ಜೋಮು ಯಾವಾಗ ಬರುತ್ತೆ?"

"ಬೆಳಿಗ್ಗೆ ಎದ್ದಾಗ."

"ಹೇಗೆ ಮಲಗ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಸವಿತಾ ಹೇಳಿದಳು: "ದಿಂಬು ತಾರಸಿ ಮ್ಯಾಲದೆ ಡಾಕ್ಟ್ರೇ. ಬಲಗೈನೇ ತಲೆಗಿಕ್ಕೊಂಡು ಮನಿಕತ್ತರೆ. ತತ್ತೀನಿ ಅಂದ್ರೆ ಬುಡಲ್ಲ!"

ಡಾಕ್ಟರಮ್ಮ ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು.

ಕೈ ಉಳಿಯಿತೆಂಬ ಸಂತೋಷದಲ್ಲಿ ಹೊರಗೆ ಬಂದರೆ ಬೈಕೂ ಇಲ್ಲ, ಸ್ವಾಮಿಯೂ ಇಲ್ಲ. ಕೊಟ್ಟಿದ್ದನ್ನು ವಾಪಸ್ ಕೇಳಲು ಮೇಷ್ಟ್ರಿಗೆ ನಾಲಿಗೆ ಏಳುತ್ತದೆಯೇ?

ಈಗ ಕಾಲೇಜಿಗೆ ನಡೆದೇ ಹೋಗುತ್ತೇನೆ. ದಾರಿಯಲ್ಲಿ ಒಮ್ಮೊಮ್ಮೆ ಎದುರಿನಿಂದ ಸ್ವಾಮಿ ನನ್ನ ಬೈಕಿನಲ್ಲಿ ಹಾರನ್ ಹೊಡೆಯುತ್ತಾ ಬರುತ್ತಾನೆ. "ಬಾವ, ಕತ್ತೆಂಗದೆ?" ಎಂದು ಕೇಳಿಕೊಂಡೇ ದಾಟಿ ಹೋಗುತ್ತಾನೆ. ಬೈಕು ಮರೆಯಾಗುವವರೆಗೆ ನಾನು ತಿರುಗಿ ನೋಡುತ್ತೇನೆ.

ಕತ್ತು ಚೆನ್ನಾಗಿಯೇ ತಿರುಗುತ್ತದೆ!